ಮುಂದಿನ ಸಾಲಿನ ಕಂಬಿ

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಬಿಸಿಲು ಬಿದ್ದಿದೆಯಲ್ಲ ಎಂದು ಟ್ರಂಕಿನಲ್ಲಿದ್ದ, ಹಳೆಯ ಸೀರೆ ಹೊಲಿದು ಮಾಡಿದ ಕೌದಿಗಳನ್ನೆಲ್ಲ ತೆಗೆದು ಗೋಡೆಯ ಮೇಲೆ ಹರವಿದೆ. ಅವುಗಳಲ್ಲಿ ಒಂದರ ಅಂಚಿಗೆ ಬೆರಳುದ್ದದ ನೀಲಿ ಬಣ್ಣದ ಕಲೆಯಿದೆ. ಎಷ್ಟು ತಿಕ್ಕಿದರೂ ಹೋಗಿಲ್ಲ. ಹೋಗದಿದ್ದುದೇ ಒಳ್ಳೆಯದಾಯಿತು, ಅದನ್ನು ಕಂಡಾಗಲೆಲ್ಲ ನನಗೆ ನಗುವೂ ಬರುತ್ತದೆ, ಗಲ್ಲಗಲ್ಲ ಬಡಿದುಕೊಳ್ಳುವಷ್ಟು ನಾಚಿಕೆಯೂ ಆಗುತ್ತದೆ. ಕೂಡ್ರಿ, ಹೇಳುತ್ತೇನೆ. ಇದು ಕೂಡ್ರುವುದರ ವಿಷಯವೇ.

ಮದುವೆಯಾಗಿ ಧಾರವಾಡ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಬಂದಾಗ ನಾನು ಬಾಸ್ಕೆಟ್‌ಬಾಲ್ ಎಂಬುದನ್ನು ಕಂಡವಳಲ್ಲ. ನಮ್ಮನಿಯವರು ಕಾಗದದ ಮಿಲ್ಲಿನಲ್ಲಿದ್ದರು. ಕ್ವಾರ್ಟರ್ಸಿನ ಹಿಂದೆಯೇ ತಗಡಿನ ಮಾಡು, ಎರಡೂ ಬದಿಗೆ ಸಿಮೆಂಟಿನ ಮೆಟ್ಟಿಲು, ನಡುವೆ ಆಟದ ಅಂಗಳ. ಮೊದಲ ಸಂಜೆ ಆಟ ನೋಡಿ ಬಂದವಳು ಅವರನ್ನು ಕೇಳಿದ್ದೆ: "ಅಲ್ರಿ, ಅಷ್ಟ ಕಷ್ಟಪಟ್ಟ ಒಗದ ಚೆಂಡು ಸೋರಿ ಹೋಗ್ತೈತಿ. ಆ ಬುಟ್ಟಿಗೆ ಯಾರೂ ತಳಾ ಯಾಕ ಹಾಕ್ಸಿಲ್ರಿ?" ಅವರು ಇದನ್ನು ಮಿಲ್ಲಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ವರ್ಷಗಟ್ಟಲೆ ನಾನು ಆ ಕಾಲನಿಯಲ್ಲಿ "ತಳದ ಅಕ್ಕಾರು" ಆಗಿದ್ದೆ.

ನಮ್ಮತ್ತೆಗೆ ಮಾತ್ರ ಆಟ ಒಂದೇ ತಿಂಗಳಲ್ಲಿ ಹಿಡಿಸಿಬಿಟ್ಟಿತು. ಕೆಳಗಿನ ಮೆಟ್ಟಿಲು ಹೆಂಗಸರದು. ಆ ಸಿಮೆಂಟು ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತಿತ್ತು, ಚಳಿಗಾಲದಲ್ಲಿ ಎಲುಬಿನೊಳಗೆ ಇಳಿಯುತ್ತಿತ್ತು. ಹಾಗಾಗಿ ಎಲ್ಲರೂ ಕೌದಿ ತರುತ್ತಿದ್ದೆವು. ಎಂಟು ಮಡಿಕೆ ಹಾಕಿದ ಕೌದಿ. ಪಂದ್ಯ ಇದ್ದ ದಿನ ಮುಂಜಾನೆ ಮನೆಯಂಗಳದ ಕಸ ಹೊಡೆದವರು ಹಾಗೇ ಹೋಗಿ ಕೌದಿ ಇಟ್ಟು ಬಂದರೆ ಮುಗಿಯಿತು, ಸಂಜೆಯವರೆಗೆ ಜಾಗ ಅವರದೇ. ಇನ್ನೊಬ್ಬರ ಕೌದಿ ಸರಿಸಿ ಕೂತವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ವರ್ಷಗಳು ಕಳೆದಂತೆ ಮೆಟ್ಟಿಲು ಬಿರುಕು ಬಿಟ್ಟವು. ತಗಡು ಸೋರತೊಡಗಿತು. ಒಂದು ಸಲವಂತೂ ಚೆಂಡು ಹಾರಿ ಬಂದು ಪಕ್ಕದ ಮನೆ ಶಾಂತಕ್ಕನ ಚೂಡಾದ ಡಬ್ಬಿಗೆ ಬಡಿದು, ಆಟಗಾರರ ತಲೆಯ ಮೇಲೆಲ್ಲ ಚುರುಮುರಿ. ಕಡೆಗೆ ಎಲ್ಲ ಹೊಸದು ಮಾಡುವುದೆಂದಾಯಿತು. ಬೆನ್ನಿಗೆ ಆನಿಕೆಯಿರುವ ಪ್ಲಾಸ್ಟಿಕ್ ಸೀಟು, ಮುಂದಿನ ಸಾಲಿನೆದುರು ಒಂದು ಕಬ್ಬಿಣದ ಕಂಬಿ.

ಕೆಲಸ ಹಿಡಿದ ಇಂಜಿನಿಯರು ಹಳಿಯಾಳದವರು. ನಮ್ಮನ್ನು ಕೇಳಿದರು ನೋಡಿ! "ಕುಂದ್ರಾವ್ರು ನೀವು ಅಕ್ಕಾರ. ಅಳತಿ ನಿಮ್ಮದs ಆಗ್ಬೇಕು," ಎಂದು ನಾಲ್ಕು ಸೀಟು ಜೋಡಿಸಿ, ಕಂಬಿಯ ಬದಲು ಇಬ್ಬರು ಆಳುಗಳ ಕೈಯಲ್ಲಿ ಒಂದು ಬಿದಿರು ಹಿಡಿಸಿ, ಏರಿಸಿ ಇಳಿಸಿ ತೋರಿಸಿದರು. ಹೊಸ ಸೀಟು, ಮಿರಮಿರ ಮಿಂಚುತ್ತಿತ್ತು. ಅದರ ಮೇಲೆ ಏನೂ ಹಾಸದೆ ಯಾರಾದರೂ ಕೂಡ್ರುತ್ತಾರೆಯೇ? ನಾವು ನಾಲ್ವರು ಕೌದಿ ಹಾಕಿ ಕೂತೆವು. ನಾನೇ ಮುಂದಾಳು.

"ಸ್ವಲ್ಪ ಏರಸ್ರಿ."

"ಕಾಣ್ತೈತೇನ್ರಿ ಅಕ್ಕಾರ?"

"ಎಲ್ಲಾ ಕಾಣ್ತೈತಿ. ಇನ್ನಷ್ಟ ಏರಸ್ರಿ, ಚೆಂಡು ಶಾಂತಕ್ಕನ ಡಬ್ಬಿ ಹುಡುಕ್ಕೊಂಡ ಬರಬಾರ್ದು."

ಕಂಬದ ಮೇಲೆ ಸೀಮೆಸುಣ್ಣದ ಗೆರೆ ಬಿತ್ತು. ಕಾಲನಿಯ ಹೆಂಗಸರ ಪರವಾಗಿ ಅಳತೆಯ ಕಾಗದದ ಮೇಲೆ ನಾನು ಸಹಿ ಹಾಕಿದೆ. ದಿನಾ ಸಂಜೆ ದೀಪ ಹಚ್ಚಿ, ಅವತ್ತು ಶಿವ ಕೊಟ್ಟ ಮೂರು ಸಣ್ಣ ಒಳ್ಳೆಯದನ್ನು ಬೆರಳು ಮಡಚಿ ಅವನಿಗೇ ಒಪ್ಪಿಸುವುದು ನನ್ನ ರೂಢಿ. ಹಾಲು ಉಕ್ಕದೆ ಉಳಿಯಿತು, ಬಸ್ಸಿನಲ್ಲಿ ಕಿಟಕಿ ಸಿಕ್ಕಿತು, ಇಂಥವು. ಅವತ್ತು ಮೂರೂ ಬೆರಳಿಗೆ ಆ ಸಹಿಯನ್ನೇ ಹೇಳಿದೆ. ಶಿವ ಕೇಳಿ ನಕ್ಕಿರಬೇಕು.

ಅತ್ತೆ ಆಗ ಊರಲ್ಲಿರಲಿಲ್ಲ, ಮುಂಡಗೋಡದ ಮಗಳ ಮನೆಗೆ ಹೋಗಿದ್ದರು. ವಾಪಸು ಬಂದಾಗ ಮೊಣಕಾಲು ಬಾತಿತ್ತು, ಹೊಸ ಅಂಗಳದ ಮೊದಲ ಪಂದ್ಯಕ್ಕೆ ಮೂರು ದಿನ ಉಳಿದಿತ್ತು. ಆ ಪಂದ್ಯದಲ್ಲಿ ನನ್ನ ಮಗಳು ಅಕ್ಷತಾ ಮೊದಲ ಸಲ ತಂಡದಲ್ಲಿ ಆಡುವವಳಿದ್ದಳು. ಅಭ್ಯಾಸದ ಹೊತ್ತಿನಲ್ಲಿ ಚೆಂಡು ಒಗೆಯುವ ಮೊದಲು ಅವಳೊಮ್ಮೆ ಅಜ್ಜಿಯ ಕಡೆ ನೋಡುತ್ತಿದ್ದಳು, ಅಜ್ಜಿ ಹಣೆಯ ವಿಭೂತಿ ಮುಟ್ಟಿಕೊಳ್ಳುತ್ತಿದ್ದರು, ಆಮೇಲೆ ಚೆಂಡು. ಅವರಿಬ್ಬರ ಈ ಲೆಕ್ಕ ಯಾರೂ ಕಲಿಸಿದ್ದಲ್ಲ.

ಜಾಗ ತೋರಿಸೋಣವೆಂದು ಕೌದಿಯನ್ನೂ ಹಿಡಿದು ಅತ್ತೆಯನ್ನು ಮೆಲ್ಲಗೆ ನಡೆಸಿಕೊಂಡು ಹೋದೆ. ಕೌದಿ ಹಾಸುವ ಮೊದಲೇ ಕೂತರು. ಅತ್ತ ನೋಡಿದರು, ಇತ್ತ ನೋಡಿದರು.

"ಏ ತಂಗಿ, ಮ್ಯಾಲ ಬುಟ್ಟಿ ಕಾಣ್ತೈತಿ, ಕೆಳಗ ಕಾಲು ಕಾಣ್ತಾವು. ನಡುವ ನನ್ನ ಕೂಸು ಎಲ್ಲೈತಿ?"

ಕಂಬಿ ಅವರ ಕಣ್ಣಿಗೆ ಸರಿಯಾಗಿ ಅಡ್ಡ ಬಂದಿತ್ತು. ಗಡಬಡಿಸಿ ಕೌದಿ ಮಡಚಿ ಕೆಳಗೆ ಕೊಟ್ಟೆ. ಈಗ ಅಂಗಳ ಕಂಡಿತು, ಆದರೆ ಕಾಲು ನೆಲಕ್ಕೆ ಹತ್ತಲಿಲ್ಲ. ಕಾಲು ಜೋತಾಡಿ ಮೊಣಕಾಲು ನೋಯಲು ಶುರುವಾಯಿತು. "ನನ್ನ ಏನ್ ತೊಟ್ಟಿಲಾಗ ಕುಂದ್ರಿಸೀದಿ?" ಎಂದರು. ಪಕ್ಕದ ಸೀಟಿನಲ್ಲಿ ನಾನು ಕೌದಿಯಿಲ್ಲದೆ ಕೂತೆ. ಯಪ್ಪಾ! ನನಗೂ ಕಂಬಿ ಮೂಗಿನ ಮಟ್ಟಕ್ಕಿತ್ತು. ಅವತ್ತು ನಾವು ನಾಲ್ವರೂ ಕೊಟ್ಟದ್ದು ನಮ್ಮ ಅಳತೆಯಲ್ಲ, ಎಂಟು ಮಡಿಕೆ ಕೌದಿಯ ಅಳತೆ. ಮೇಲಿನ ಸಾಲಿಗೆ ಏರುವ ಮೊಣಕಾಲು ಅತ್ತೆಗಿರಲಿಲ್ಲ.

"ಇರ್ಲಿ ಬಿಡು," ಎಂದರು ಅತ್ತೆ. "ಚೆಂಡು ಬುಟ್ಟಿಗೆ ಬಿದ್ದದ್ದು ಕಾಣ್ತೈತಲ್ಲ. ಯಾರು ಒಗದ್ರಂತ ನೀ ಹೇಳು."

ಬೈದಿದ್ದರೆ ಚಲೋ ಇತ್ತು.

ಆ ಸಂಜೆ ದೀಪದೆದುರು ಒಂದು ಬೆರಳೂ ಮಡಚಲಿಲ್ಲ. ಶಾಂತಕ್ಕನ ಮುಂದೆ ಹೇಳಿಕೊಂಡರೆ ಆಕೆ ಹೆದರಿಸಿದಳು: "ಸುಮ್ನಿರಬೇ. ಸಹಿ ಮಾಡಿದಾಕಿ ನೀನು. ಹೆಂಗಸರನ್ನ ಕೇಳಿದ್ದs ತಪ್ಪಾತು ಅಂತಾರ. ಇನ್ನೊಮ್ಮೆ ನಮ್ಮನ್ನ ಯಾರ ಕೇಳ್ತಾರ?" ಆ ಮಾತೂ ನಿಜವೇ. ಆದರೆ ಅಕ್ಷತಾ ಚೆಂಡು ಹಿಡಿದು ತಿರುಗಿ ನೋಡಿದಾಗ ಅವಳಿಗೆ ಕಾಣುವುದು ಒಂದು ನೀಲಿ ಪೈಪು ಎಂಬುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಮರುದಿನ ಪೂಜೆ ಮುಗಿಸಿ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ಇಂಜಿನಿಯರು ಕಂಬಿಗೆ ಕಡೆಯ ಬಣ್ಣ ಹೊಡೆಸುತ್ತಿದ್ದರು.

"ಅಣ್ಣಾರ, ತಪ್ಪು ನಿಮ್ಮದಲ್ರಿ, ನಂದು. ಇದರದು," ಎಂದು ಕೌದಿಯನ್ನು ಸೀಟಿನ ಮೇಲಿಟ್ಟು ಎಲ್ಲ ಹೇಳಿದೆ.

ಅವರು ಕೌದಿಯ ಮೇಲೆ ಕೂತು ನೋಡಿದರು. ಎದ್ದು, ಕೌದಿ ತೆಗೆದು, ಮತ್ತೆ ಕೂತರು. ಮತ್ತೆ ಕೌದಿ. ಮತ್ತೆ ಬರಿಯ ಸೀಟು. ಬಣ್ಣ ಹೊಡೆಯುವವರು ಕುಂಚ ಹಿಡಿದುಕೊಂಡೇ ಮುಸಿಮುಸಿ ನಗುತ್ತಿದ್ದರು. ನಾನು ಒಳಗೊಳಗೇ "ಓಂ ನಮಃ ಶಿವಾಯ" ಜಪಿಸುತ್ತಿದ್ದೆ.

"ಅಕ್ಕಾರ," ಎಂದರು ಕಡೆಗೆ. "ಸೀಟಿನ ಅಳತಿ ತಗೊಂಡೆ, ಕಂಬಿ ಅಳತಿ ತಗೊಂಡೆ. ನನ್ನ ಕಣ್ಣೆದುರs ನಾಲ್ಕ ಕೌದಿ ಇದ್ವು, ಅವನ್ನ ನೋಡ್ಲೇ ಇಲ್ಲ ನೋಡ್ರಿ. ನನ್ನವ್ವನೂ ಹಿಂಗs ಹಾಸ್ಕೊಂಡs ಕುಂದರತಾಳ." ಆಮೇಲೆ ಕೇಳಿದರು: "ನಿಮ್ಮೊಳಗ ಎಲ್ಲಾರಕಿಂತ ಗಿಡ್ಡ ಯಾರದಾರ?"

ನಾನು ಮನೆಗೆ ಓಡಿದೆ. ಆ ವಯಸ್ಸಿನಲ್ಲಿ, ಆ ಸೀರೆಯಲ್ಲಿ, ನಿಜವಾಗಿ ಓಡಿದೆ.

ಅತ್ತೆ ಬಂದು ಬರಿಯ ಸೀಟಿನಲ್ಲಿ, ಎರಡೂ ಪಾದ ನೆಲಕ್ಕೂರಿ ಕೂತರು. ಇಂಜಿನಿಯರು ಅವರ ಕಣ್ಣಿನ ಮಟ್ಟಕ್ಕೆ ಟೇಪು ಹಿಡಿದರು.

"ಕಣ್ಣ ಮುಚ್ಚಬ್ಯಾಡ್ರಿ, ಆಯಿ."

"ನೀ ಟೇಪು ಕಣ್ಣಾಗ ತುರುಕಿದ್ರ ಮುಚ್ಚದs ಏನ್ ಮಾಡ್ಲೋ ತಮ್ಮಾ?"

ಆ ದಿನವೇ ಕಂಬಿಯ ಕಾಲುಗಳನ್ನು ಗೇಣುದ್ದ ಕೊಯ್ದು ಮತ್ತೆ ಬೆಸೆದರು. ಚೆಂಡು ತಡೆಯಲು ಮೇಲೊಂದು ತೆಳುವಾದ ಬಲೆ ಕಟ್ಟಿದರು. ಅಷ್ಟರಲ್ಲಿ ಅತ್ತೆ, ಗಟ್ಟಿಯಿದೆಯೋ ಇಲ್ಲವೋ ನೋಡೋಣವೆಂದು, ಕೌದಿಯ ಸಮೇತ ಹಸಿ ಬಣ್ಣದ ಕಂಬಿಗೇ ಒರಗಿದ್ದರು; ಅಂಚಿನ ಆ ನೀಲಿ ಕಲೆ ಆಗಿನದೇ. ಹೊರಡುವಾಗ ಇಂಜಿನಿಯರು ಹೇಳಿದರು: "ಅಂಬೇವಾಡಿಯೊಳಗೂ ಒಂದ ಕೆಲಸ ಬಂದೈತ್ರಿ. ಅಲ್ಲೂ ಹೆಂಗಸರನ್ನs ಮೊದಲ ಕುಂದ್ರಸ್ತೇನಿ. ಕೌದಿ ಮನ್ಯಾಗ ಇಟ್ಟ ಬರ್ರಿ ಅಂತ ಹೇಳ್ತೇನಿ, ಅಷ್ಟ." ಶಾಂತಕ್ಕನಿಗೆ ಈ ಮಾತನ್ನು ಮೂರು ಸಲ ಹೇಳಿದೆ.

ಪಂದ್ಯದಲ್ಲಿ ನಮ್ಮವರು ಸೋತರು. ಅದಿರಲಿ. ಅಕ್ಷತಾ ತಿರುಗಿ ನೋಡಿದಳು, ಅಜ್ಜಿ ವಿಭೂತಿ ಮುಟ್ಟಿಕೊಂಡರು. ಮೊದಲನೆಯ ಚೆಂಡು ತಪ್ಪಿತು, ಎರಡನೆಯದು ಬುಟ್ಟಿಗೆ ಬಿತ್ತು. ಅವತ್ತು ದೀಪದೆದುರು ಎರಡೂ ಕೈಯ ಬೆರಳು ಸಾಲಲಿಲ್ಲ.

ಇವತ್ತು ಸಂಜೆಯೊಳಗೆ ಕೌದಿ ಬಿಸಿಲಿಗೆ ಕಾದು ಬೆಚ್ಚಗಾಯಿತು. ಈಗ ಅಕ್ಷತಾ ಅದೇ ಅಂಗಳದಲ್ಲಿ ಸಣ್ಣ ಹುಡುಗಿಯರಿಗೆ ಆಟ ಕಲಿಸುತ್ತಾಳೆ; ಅತ್ತೆಗೆ ಸಂಜೆ ಹೋಗದಿದ್ದರೆ ಸಮಾಧಾನವಿಲ್ಲ. ಇವತ್ತೂ ಹೋದೆವು. ಬಿಸಿಲಿನ ವಾಸನೆಯ ಕೌದಿಯನ್ನು ಅತ್ತೆಯ ಮೊಣಕಾಲ ಮೇಲೆ ಹೊದಿಸಿ, ನಾನು ಬರಿಯ ಸೀಟಿನಲ್ಲಿ ಕೂತೆ. ಈ ವರ್ಷ ನನ್ನ ಬೆನ್ನೂ ಸ್ವಲ್ಪ ಬಾಗಿದೆ; ಕೌದಿ ಹಾಸಿ ಕೂತು ಕಾಲು ಜೋತಾಡಿದರೆ ನನಗೂ ನೋವು. ಎದುರಿಗೆ ನೋಡಿದೆ. ಕಂಬಿ ನನ್ನ ಗದ್ದಕ್ಕಿಂತ ನಾಲ್ಕು ಬೆರಳು ಕೆಳಗೆ. ಹಳೆಯ ಎತ್ತರಕ್ಕೇ ಬಿಟ್ಟಿದ್ದರೆ ಸರಿಯಾಗಿ ಕಣ್ಣಿಗೇ ಬರುತ್ತಿತ್ತು.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಕಾಣ್ತೈತೇನ ತಂಗಿ?"

"ಎಲ್ಲಾ ಕಾಣ್ತೈತ್ರಿ, ಅತ್ತಿ."

"ಹಂಗಾರ ಮುಂದ ನೋಡು," ಎಂದರು. "ಕೂಸು ಈ ಕಡೆ ಹೊರಳಿ ನೋಡಾಕತ್ತೈತಿ."