ಹಳ್ಳದ ದಂಡೆಯ ಮೇಲೆ ಕೂತ ಮಾಲೀಕರು

1943ರ ಮಳೆಗಾಲದಲ್ಲಿ ನಾನು ಕೊಪ್ಪಳದ ಒಂದು ಸಣ್ಣ ಮೋಟಾರ್ ಕಂಪನಿಯ ಮ್ಯಾನೇಜರ್ ಆಗಿದ್ದೆ. ಕಂಪನಿ ಎಂದರೆ ಮೂರು ಬಸ್ಸು, ಒಂದು ತಗಡಿನ ಶೆಡ್ಡು. ಮಾಲೀಕರು ವೀರಭದ್ರಪ್ಪ ಸಾವ್ಕಾರರು, ಯಲಬುರ್ಗಾದ ಹತ್ತಿ ವ್ಯಾಪಾರದ ಮನೆತನದವರು. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಡ್ರಮ್ಮಿನಂಥ ಗ್ಯಾಸ್ ಪ್ಲಾಂಟ್ ಕೂಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದಲೇ ಎಂಜಿನ್ ಓಡಿಸುತ್ತಿದ್ದೆವು. ಏರು ಬಂದರೆ ಜನ ಇಳಿದು ನಡೆಯುವುದು ಮಾಮೂಲಾಗಿತ್ತು.

ನಮ್ಮ ಕಡೆ ಆಗ ಅಂಗಡಿಯಿರಲಿ, ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಿರಲಿ, ಎಲ್ಲವೂ ಮಾಲೀಕನ ಒಂದೇ ಬಾಯಿಯಿಂದ ನಡೆಯುತ್ತಿದ್ದವು. ಸಾವ್ಕಾರರು ಹಾಗೆ ಮಾಡಲಿಲ್ಲ. ಕಂಪನಿ ಶುರುವಾದ ದಿನವೇ ಎಲ್ಲರನ್ನೂ ಶೆಡ್ಡಿನಲ್ಲಿ ಕೂಡಿಸಿ ಕೆಲಸ ಹಂಚಿದರು. ಬಸ್ಸು ಯಾವ ಊರಿಗೆ, ಯಾವ ಹೊತ್ತಿಗೆ ಹೊರಡಬೇಕು, ಯಾವುದು ರಿಪೇರಿಗೆ ನಿಲ್ಲಬೇಕು ಎಂಬುದು ನನ್ನ ಪಾಲು. ಯಾರು ಹತ್ತಬೇಕು, ಎಲ್ಲಿ ಕೂಡಬೇಕು ಎಂಬುದು ಕಂಡಕ್ಟರನ ಪಾಲು. "ಗಾಡಿ ಶೆಡ್ ಬಿಟ್ಟ ಮ್ಯಾಲ ದಾರೀದು ಡ್ರೈವರನ ಹುಕುಂ. ಒಳಗ ನಾನ ಕುಂತಿದ್ರೂ ಅಷ್ಟ" ಎಂದರು. ಜನ ನಕ್ಕರು. ನಾನೂ ಅದನ್ನು ದೊಡ್ಡವರ ಚಂದದ ಮಾತೆಂದೇ ತಿಳಿದೆ.

ಆ ಶ್ರಾವಣದಲ್ಲಿ ಒಂದು ದಿನ ಯಲಬುರ್ಗಾದಿಂದ ಆಳೊಬ್ಬ ಕುದುರೆ ಮೇಲೆ ಬಂದ. ಸಾವ್ಕಾರರ ತಾಯಿಗೆ ಮೇಲುಸಿರು ಹತ್ತಿದೆ, ಮಗನ ಹೆಸರು ಹಿಡಿದು ಕನವರಿಸುತ್ತಿದ್ದಾರೆ ಎಂದ. ಮಧ್ಯಾಹ್ನದ ಬಸ್ಸು ಹೊರಡುವುದರಲ್ಲಿತ್ತು. ಸಾವ್ಕಾರರು ಹತ್ತಿದರು. ನನ್ನನ್ನೂ ಜೊತೆಗೆ ಕರೆದರು.

ಸ್ಟಿಯರಿಂಗ್ ಹಿಡಿದವನು ಇಮಾಮಸಾಬ. ಗಂಗಾವತಿಯವನು, ಮಾತು ಕಡಿಮೆ, ಸಿಟ್ಟು ಸ್ವಲ್ಪ ಹೆಚ್ಚು. ಕುಕನೂರಿಗಿಂತ ಮೊದಲೇ ದಾರಿಗೆ ಅಡ್ಡವಾಗಿ ಒಂದು ಹಳ್ಳ. ಮೇಲೆ ಎಲ್ಲೋ ಮಳೆಯಾಗಿ ಕೆಂಪು ನೀರು ದಂಡೆ ಸವರಿಕೊಂಡು ಓಡುತ್ತಿತ್ತು. ಇಮಾಮಸಾಬ ಬಸ್ಸು ನಿಲ್ಲಿಸಿ, ಇಳಿದು, ಮೊಣಕಾಲುದ್ದ ನೀರಿಗೆ ಹೋಗಿ ಹಿಂದಿರುಗಿದ.

"ಆಗಂಗಿಲ್ರಿ ಸಾವ್ಕಾರ್ರ. ನೀರು ಇಳೀಲಿ."

"ನಮ್ಮವ್ವ ಹೋಗಾಕತ್ಯಾಳೋ ಇಮಾಮಸಾಬ!"

"ಗೊತ್ತೈತ್ರಿ. ಗ್ಯಾಸಿನ ಎಂಜಿನ್ ನಡುನೀರಾಗ ಬಂದ್ ಆತಂದ್ರ ಮತ್ತ ಚಾಲೂ ಆಗಂಗಿಲ್ಲ. ಒಳಗ ಹೆಣ್ಮಕ್ಕಳು, ಕೂಸುಗಳು ಅದಾವು."

ಸಾವ್ಕಾರರು ನನ್ನತ್ತ ತಿರುಗಿದರು. "ಮ್ಯಾನೇಜರ್ರ, ನೀವಾರ ಹೇಳ್ರಿ."

ಇಮಾಮಸಾಬನನ್ನು ಕೆಲಸಕ್ಕೆ ತೆಗೆದುಕೊಂಡವನು ನಾನು, ತೆಗೆದುಹಾಕಬಲ್ಲವನೂ ನಾನೇ. ಆದರೂ ಹೇಳಿದೆ: "ದಾರ್ಯಾಗ ನನ್ನ ಮಾತು ನಡ್ಯಂಗಿಲ್ರಿ. ನೀವ ಹಾಕಿದ ಕಾಯ್ದೆ ಅದು."

ಸಾವ್ಕಾರರು ಹೆಗಲ ಮೇಲಿನ ವಲ್ಲಿಯನ್ನು ಬಂಡೆಯೊಂದರ ಮೇಲೆ ಹಾಸಿ ಕೂತುಬಿಟ್ಟರು.

ಅಷ್ಟರಲ್ಲಿ ಖಾಲಿ ಚಕ್ಕಡಿಯೊಂದು ಬಂತು. ಹೊಡೆಯುವವನು ನಿಲ್ಲಲಿಲ್ಲ. ಎತ್ತುಗಳು ಎದೆಮಟ್ಟ ನೀರಿಗಿಳಿದವು, ಗಾಡಿ ಒಮ್ಮೆ ಓರೆಯಾಯಿತು, ಮತ್ತೆ ನೆಟ್ಟಗಾಗಿ ಆಚೆ ದಂಡೆ ಏರಿತು. ಬಸ್ಸಿನ ಜನರೆಲ್ಲ ಇಮಾಮಸಾಬನ ಕಡೆ ನೋಡಿದರು. "ಚಕ್ಕಡಿ ದಾಟ್ತಲ್ಲೋ" ಎಂದು ಒಬ್ಬ ಮುದುಕ ಕೂಗಿದ. ಆದರೂ ಇಮಾಮಸಾಬ ಸೀಟಿಗೆ ಹೋಗಲಿಲ್ಲ. ಸಾವ್ಕಾರರು ಚಕ್ಕಡಿ ಕಣ್ಮರೆಯಾಗುವ ತನಕ ನೋಡಿದರು. ಆ ಮುದುಕನಿಗೆ, "ಸುಮ್ನ ಕುಂಡ್ರೋ ಯಜಮಾನ, ಅವ ಹೇಳ್ಯಾನಲ್ಲ" ಎಂದರು. ಕಂಪನಿಯ ಮಾಲೀಕ ತನ್ನದೇ ಬಸ್ಸಿನ ಪಕ್ಕದಲ್ಲಿ, ತಾನು ಸಂಬಳ ಕೊಡುವವನ ಅಪ್ಪಣೆಗಾಗಿ, ತಾಯಿಯ ಉಸಿರನ್ನು ನೆನೆಯುತ್ತ ಕಾಯುತ್ತಿದ್ದ. ನಿಜಾಮರ ರಾಜ್ಯದಲ್ಲಿ ಹುಟ್ಟಿ ಬೆಳೆದ ನಾನು ಅಂಥದ್ದನ್ನು ಕಂಡಿರಲಿಲ್ಲ.

ಹೊತ್ತು ಇಳಿದಾಗ ನೀರೂ ಇಳಿಯಿತು. ಇಮಾಮಸಾಬ ತಾನೇ ಬಂದು "ಹತ್ರಿ" ಎಂದ. ಯಲಬುರ್ಗಾ ಮುಟ್ಟಿದಾಗ ಮನೆಯ ಮುಂದೆ ಜನ ನೆರೆದಿದ್ದರು. ತಾಯಿ ಸ್ವಲ್ಪ ಮೊದಲಷ್ಟೇ ತೀರಿಕೊಂಡಿದ್ದರು. ನಾವು ಹಳ್ಳದ ದಂಡೆಯಲ್ಲಿ ಕಾಯದೆ ದಾಟಿದ್ದರೆ ಅವರು ಮಗನ ಮುಖ ನೋಡುತ್ತಿದ್ದರು.

ತಾಯಿಯ ಕಾರ್ಯ ಮುಗಿಸಿ ಸಾವ್ಕಾರರು ಶೆಡ್ಡಿಗೆ ಬಂದ ದಿನ ಇಮಾಮಸಾಬ ಬಸ್ಸಿನ ಕೀಲಿಯನ್ನು ಅವರ ಮುಂದಿಟ್ಟು ತಲೆ ತಗ್ಗಿಸಿ ನಿಂತ. "ನನ್ನ ಬಿಟ್ಟುಬಿಡ್ರಿ."

ಸಾವ್ಕಾರರು ಕೀಲಿಯನ್ನು ಕೈಗೆತ್ತಿಕೊಂಡರು. ಹೇಳಿದರು: "ದಾಟತಿದ್ವೋ, ಮುಳಗತಿದ್ವೋ, ದೇವರಿಗೆ ಗೊತ್ತು. ಅದು ನಾ ಸಾಯೂತನಕ ನನ್ನ ಎದಿಯಾಗ ಇರತೈತಿ. ಆದ್ರ ನನ್ನ ಮಾರಿ ನೋಡಿ ನೀ ಗಾಡಿ ನೀರಿಗಿಳಿಸಿದ್ರ, ಮುಂದ ಯಾರ ನಂಬಿ ಜನ ಈ ಬಸ್ ಹತ್ತಬೇಕು? ತಗೋ ಕೀಲಿ."

ಇಮಾಮಸಾಬ ಗೋಡೆಗೆ ಮುಖ ಮಾಡಿ ಅತ್ತ.

ಮುಂದೆ ನಾನು ದೊಡ್ಡ ಕಂಪನಿಗಳಲ್ಲಿ ದುಡಿದೆ. ಯಾರ ಮೇಲೆ ಯಾರು ಎಂಬ ನಕಾಶೆಗಳನ್ನು ಗೋಡೆಗಳ ಮೇಲೆ ಕಂಡೆ, ಕೆಲವನ್ನು ನಾನೇ ಬರೆದೆ. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಂಡಿದ್ದೇನೆ: ಎಲ್ಲಕ್ಕಿಂತ ಮೇಲೆ ಹೆಸರಿರುವ ಈ ಮನುಷ್ಯ, ತಾನು ಕೊಟ್ಟ ಅಧಿಕಾರವೇ ತನ್ನನ್ನು ತಡೆದು ನಿಲ್ಲಿಸಿದರೆ, ಅದಕ್ಕೆ ತಲೆಬಾಗಿ ಕೂಡುವನೇ? ಹೌದು ಎನ್ನಬಹುದಾದವರು ಬೆರಳೆಣಿಕೆಯಷ್ಟು ಮಂದಿ. ಅಂಥವರ ಕೈಕೆಳಗೆ ದುಡಿಯುವವರನ್ನು ಯಾರೂ ಕಾಯಬೇಕಾಗಿರಲಿಲ್ಲ; ತಮ್ಮ ಪಾಲಿನ ಕೆಲಸವನ್ನು ಅವರು ತಾವೇ ಸರಿಯಾಗಿ ನೋಡಿಕೊಳ್ಳುತ್ತಿದ್ದರು.