ಬೀಸುವ ಕಲ್ಲಿನ ಎದುರು

ಉಬ್ರಾಣಿಯ ಬಂಗಾರಪ್ಪನ ಸೊಸೆ ಹುಲಿಗೆಮ್ಮ ಬೆಳಗಾಗೆದ್ದು ರಾಗಿ ಬೀಸಲು ಕೂತರೆ, ಮೂರು ತುಂಬದ ಮಗಳು ರುದ್ರಾಣಿ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕುತ್ತಿದ್ದಳು. ಕಲ್ಲಿನ ಸುತ್ತ ಉದುರಿದ ಹಿಟ್ಟನ್ನು ಹುಲಿಗೆಮ್ಮ ಅಂಗೈಯಿಂದ ಸವರಿ ಹರಡುವಳು. ಒಂದು ಕೈ ಗೂಟ ತಿರುಗಿಸುತ್ತಿದ್ದಂತೆ ಇನ್ನೊಂದು ಕೈಯ ಬೆರಳು ಹಿಟ್ಟಿನ ಮೇಲೆ ಬರೆಯುವುದು. ಅಮ್ಮ. ಅಜ್ಜ. ಕಲ್ಲು. ಮಗು ಓದಿದ ಮೇಲೆ ಹಿಟ್ಟು ಮೊರಕ್ಕೆ, ಮೊರದಿಂದ ಮುದ್ದೆಗೆ. ಮನೆಮಂದಿಯೆಲ್ಲ ಆ ಅಕ್ಷರಗಳನ್ನು ಉಂಡು ಕೈ ತೊಳೆಯುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಅದು ಮೂವತ್ತೆಂಟನೆಯ ಇಸವಿ. ಹೊನ್ನಾಳಿಯ ತವರಿನಲ್ಲಿ ಅಣ್ಣಂದಿರ ಪಕ್ಕ ಕೂತು ನಾಲ್ಕಕ್ಷರ ಕಲಿತಿದ್ದ ಹುಲಿಗೆಮ್ಮ, ಮದುವೆಯಾದ ಮೇಲೆ ಓದಲು ಒಂದು ಚೂರು ಕಾಗದವನ್ನೂ ಕಂಡಿರಲಿಲ್ಲ. ಮರೆತುಹೋಗುವ ಮೊದಲು ಮಗಳಿಗೆ ದಾಟಿಸಿಬಿಡಬೇಕೆಂಬ ಹಟ ಅವಳದು.

ಒಂದು ಬೆಳಿಗ್ಗೆ ಅತ್ತೆ ಕಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು.

"ಅಯ್ಯನೋರು ಬಂದು ಅಕ್ಕಿ ಮ್ಯಾಲೆ ಓಂಕಾರ ತಿದ್ದಿಸೋದು ಐದನೇ ವರ್ಷಕ್ಕೆ. ಅದೂ ಗಂಡುಡುಗ್ರಿಗೆ. ಹಾಲುಹಲ್ಲಿನ ಕೂಸಿಗೆ ಅಕ್ಷರ ಹಚ್ಚಿದ್ರೆ ಬಾಯಿ ಬಿದ್ದೋಗ್ತೈತೆ ಕಣೇ!"

"ಎಲ್ಲಿ ಬಿದ್ದೈತ್ರೀ ಅತ್ತೆ? ದಿನಾ ನಿಮ್ಮ ತಲೆ ತಿನ್ನಾಕೆ ಬೇಕಾದಷ್ಟು ಬಾಯಿ ಐತೆ."

ಸದ್ದಿಗೆ ಮಾವ ಬಂಗಾರಪ್ಪ ಹೊರಬಂದ. ಕೇಳಿಸಿಕೊಂಡು, "ನೋಡೇಬಿಡಾನ. ಓದಿದ್ರೆ ಸೈ. ಇಲ್ಲಾಂದ್ರೆ ಕೂಸು ಇನ್ನು ನಿಮ್ಮತ್ತೆ ಮಗ್ಗುಲಾಗೆ ಇರ್ತೈತೆ, ಕಲ್ಲಿನ ಹತ್ರ ಬರಂಗಿಲ್ಲ" ಎಂದ.

ಅವನು ತಂದದ್ದು ಕಲ್ಲಮ್ಮನ ತವರಿನವರು ಕೊಟ್ಟ, ಉಣ್ಣುವ ಕಂಚಿನ ಗಂಗಾಳ. ಅದರ ಮೇಲೆ ಅವಳ ಹೆಸರು ಕೆತ್ತಿತ್ತು. ಹೆಂಡತಿಯ ಹೆಸರನ್ನು ಗಂಡ, ಅತ್ತೆಯ ಹೆಸರನ್ನು ಸೊಸೆ ಹೇಳದ ಮನೆ ಅದು. ಮಗುವಿಗೆ ಅವಳು ಬರೀ ಅಜ್ಜಿ. ಹಾಗಾಗಿ ಕೇಳಿ ಕಲಿತದ್ದನ್ನು ಒಪ್ಪಿಸುವಂತಿರಲಿಲ್ಲ, ಓದಲೇಬೇಕು.

ಬಂಗಾರಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಗಾಳವನ್ನು ಮುಂದೆ ನೆಲದ ಮೇಲಿಟ್ಟ. ಮಗು ನೋಡಿತು. ಮಾತಿಲ್ಲ.

"ಮಾಡಿದ್ಲಲ್ಲಪ್ಪ ಮೂಗಿ!" ಎಂದು ಕಲ್ಲಮ್ಮ ಹಣೆ ಬಡಿದುಕೊಂಡಳು.

ಅಷ್ಟರಲ್ಲಿ ರುದ್ರಾಣಿ ಕತ್ತು ಸೊಟ್ಟ ಮಾಡಿ, ಮೈಯನ್ನೇ ತಿರುಚಿ, ಗಂಗಾಳವನ್ನು ಆ ಕಡೆಯಿಂದ ನೋಡಲು ಹೆಣಗಿದಳು. ಹುಲಿಗೆಮ್ಮನಿಗೆ ಹೊಳೆಯಿತು. ತಾನು ಬರೆದದ್ದನ್ನೆಲ್ಲ ಮಗು ಎದುರಿನಿಂದಲೇ ಕಂಡಿದೆ! ಹಿರಿಯರು ಎನ್ನದೆ ಮಾವನ ತೊಡೆಯಿಂದ ಮಗುವನ್ನು ಎತ್ತಿ, ಗಂಗಾಳದ ಆಚೆ ಬದಿಗೆ ಕೂರಿಸಿದಳು.

"ಕ... ಲ್ಲ... ಮ್ಮ. ಕಲ್ಲಮ್ಮ!" ಮಗು ಕೇಕೆ ಹಾಕಿತು.

ಕಲ್ಲಮ್ಮನ ಕೈ ಹಣೆಯ ಮೇಲೇ ಉಳಿಯಿತು. ಸೊಸೆಯಾಗಿ ಬಂದ ಮೇಲೆ ಆ ಸೂರಿನ ಕೆಳಗೆ ತನ್ನ ಹೆಸರನ್ನು ಅವಳು ಕೇಳಿರಲಿಲ್ಲ.

"ತಲೆಕೆಳಗು ಓದ್ತೈತಲ್ಲಮ್ಮ! ಇದೆಂಥ ಓದು?" ಬಂಗಾರಪ್ಪ ಕೆಮ್ಮಿದ.

"ಎದುರಿಗೆ ಕೂರಿಸಿದ್ದು ನನ್ನ ತಪ್ಪು, ಮಾವ. ನಾಳೆಯಿಂದ ಮಗ್ಗುಲಿಗೆ ಕೂರಿಸ್ಕಂತೀನಿ."

"ನಾಳೇನಾ? ಹಂಗಾರೆ ನಿಲ್ಸಲ್ವ ನೀನು?" ಕಲ್ಲಮ್ಮ ಕೇಳಿದಳು.

"ಓದಿದ್ರೆ ಸೈ ಅಂದೋರು ಮಾವ. ಐದನೇ ವರ್ಷಕ್ಕೆ ಅಯ್ಯನೋರು ಬರ್ಲಿ, ಅಕ್ಕಿ ನಾನೇ ಹರವ್ತೀನಿ. ಅವ್ರಿಗೂ ಓದಿ ತೋರಿಸ್ತೈತೆ."

ಮರುದಿನ ರುದ್ರಾಣಿ ತಾಯಿಯ ಮಗ್ಗುಲಿಗಿದ್ದಳು. ಖಾಲಿ ಬಿದ್ದ ಎದುರಿನ ಜಾಗದಲ್ಲಿ ಕಲ್ಲಮ್ಮ ಬಂದು ಕೂತು, ಕೂಸಿಗೆ ಜ್ವರ ಬರ್ತೈತೆ ನೋಡ್ತಿರು ಎಂದು ಗೊಣಗುತ್ತಲೇ ಗೂಟಕ್ಕೆ ಕೈ ಹಚ್ಚಿದಳು. ಹುಲಿಗೆಮ್ಮ ಹಿಟ್ಟು ಹರಡಿ, ತಾನು ಬಾಯಲ್ಲಿ ಆಡಬಾರದ ಆ ಹೆಸರನ್ನು ಅತ್ತೆಯ ಮುಂದೆಯೇ ದೊಡ್ಡದಾಗಿ ಬರೆದಳು.