ಶಾಲಿನಡಿ ಸಿಕ್ಕಿಕೊಂಡ ಪಾದಗಳು

ಕೊರೋನಾ ಗದ್ದಲ ತಣ್ಣಗಾದ ಮರುವರ್ಷ ನಾನು ಯಲಬುರ್ಗಾದಲ್ಲಿ ತಾಲೂಕು ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ರೋಗಕ್ಕೆ ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ, ಚಿಕಿತ್ಸೆ ಇದೆಯೆಂದು ಜನರಿಗೆ ತಿಳಿಸುವುದು ನಮ್ಮದು. ಮೊದಲನೆಯದಕ್ಕೆ ಹಾರ ಬೀಳುತ್ತದೆ, ಎರಡನೆಯದಕ್ಕೆ ಪ್ರವಾಸ ಭತ್ಯೆ ಬರುತ್ತದೆ, ಅದೂ ತಡವಾಗಿ.

ಆ ವರ್ಷ ನನ್ನ ತಲೆಯಲ್ಲಿ ಕೂತದ್ದು ಸೊಟ್ಟಗಾಲು. ವೈದ್ಯರು ಇದನ್ನು ಕ್ಲಬ್‌ಫೂಟ್ ಅನ್ನುತ್ತಾರೆ. ಹುಟ್ಟುವಾಗಲೇ ಕೂಸಿನ ಪಾದ ಒಳಕ್ಕೆ ತಿರುಗಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಕರೆತಂದರೆ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ನಿಧಾನವಾಗಿ ನೇರಕ್ಕೆ ತರಬಹುದು. ಆಮೇಲೆ ಕೆಲವು ವರ್ಷ ಮಲಗುವಾಗ ಕಂಬಿ ಜೋಡಿಸಿದ ಬೂಟು ಹಾಕಬೇಕು. ತಡವಾದಷ್ಟೂ ಪಾದ ಬಿಗಿಯುತ್ತದೆ, ದೊಡ್ಡ ಆಪರೇಷನ್ನಿನ ಮಾತು ಬರುತ್ತದೆ.

ಮಂಗಳೂರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಬಾಣಂತನಕ್ಕೆ ತವರಿಗೆ ಬಂದ ಹುಡುಗಿಯೊಬ್ಬಳ ಹೆಣ್ಣು ಕೂಸಿಗೆ ಸೊಟ್ಟಗಾಲು, ಬಟ್ಟೆಯಲ್ಲಿ ಸುತ್ತಿ ಒಳಗೇ ಇಟ್ಟಿದ್ದಾರೆ, ಮುಟ್ಟಲೂ ಬಿಡುತ್ತಿಲ್ಲ ಎಂದಳು. ಹೋದೆ. ಮನೆಯ ಹಿರಿಯ ಶರಣಪ್ಪಜ್ಜ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಊರಿಗೆ ಪೇಪರು ಓದಿ ಹೇಳುವವರು. ಮಗಳು ಬಸುರಿದ್ದಾಗ ಗ್ರಹಣದ ಹೊತ್ತಿಗೆ ಅಂಗಳಕ್ಕೆ ಬಂದಿದ್ದಳಂತೆ, ದೇವರು ಕೊಟ್ಟ ಕಾಲನ್ನು ಸುಣ್ಣ ಹಚ್ಚಿ ತಿದ್ದಲಾಗದು ಎಂದು ವಾದಿಸಿದರು. ಕೊನೆಗೆ ಒಂದೇ ಮಾತು ಕೇಳಿದರು.

"ನೀವು ಹೇಳೂದು ಖರೇ ಇದ್ರ ಪೇಪರಿನ್ಯಾಗ ಯಾಕ ಬಂದಿಲ್ರಿ ಅಕ್ಕಾರ?"

ಹೊರಡುವಾಗ ಬಾಗಿಲ ಸಂದಿಯಿಂದ ಆ ಬಾಣಂತಿ ಹುಡುಗಿ ಮೆಲ್ಲಗೆ ಹೇಳಿದಳು, "ಲಗೂನ ಏನರ ಮಾಡ್ರಿ."

ಪೇಪರಿನಲ್ಲಿ ಬಂದಿರಲಿಲ್ಲ ಎಂದಲ್ಲ. ನಾನು ಕಳಿಸಿದ ಪ್ರಕಟಣೆ ಕರೆಂಟು ತೆಗೆಯುವ ಸೂಚನೆಯ ಕೆಳಗೆ ಎರಡು ಸಾಲಾಗಿ ಬಂದು ಹೋಗಿತ್ತು. ಆದರೆ ವಾರಕ್ಕೊಮ್ಮೆ ಕೊಪ್ಪಳದಿಂದ ಬರುತ್ತಿದ್ದ ಎಲುಬಿನ ಡಾಕ್ಟರು, ಮೂವತ್ತರ ಹರೆಯದ ಪ್ರವೀಣ, ಶಾಲೆಯಲ್ಲಿ ಗಿಡ ನೆಟ್ಟರೂ ನಾಲ್ಕು ಕಾಲಮ್ಮು. ಅವರ ಹುಟ್ಟುಹಬ್ಬ ಕೂಡ ಫೋಟೋ ಸಮೇತ ಬಂದಿತ್ತು. ಮನುಷ್ಯ ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಮೃದು. ಅದಕ್ಕೇ ಇನ್ನಷ್ಟು ಹೊಟ್ಟೆಕಿಚ್ಚು.

ಆದರೂ ಅವರನ್ನೇ ಮುಂದಿಟ್ಟುಕೊಂಡು ಆಸ್ಪತ್ರೆಯಲ್ಲಿ ಒಂದು ಜಾಗೃತಿ ಕಾರ್ಯಕ್ರಮ ಮಾಡಿಸಿದೆ. ಪ್ಲಾಸ್ಟರು ಮುಗಿದು ಪಾದ ನೇರವಾಗಿದ್ದ ಹನುಮಸಾಗರದ ಕೂಸೊಂದನ್ನು ತಾಯಿಯ ಜೊತೆ ಕರೆಸಿದೆ. ಜನ ಆ ಪಾದ ನೋಡಬೇಕು, ಅಷ್ಟೇ ನನ್ನ ಆಸೆ. ಆದರೆ ನಮ್ಮಲ್ಲಿ ಶಾಲು ಹೊದಿಸದೆ ಸಭೆ ಮುಗಿಯುವುದುಂಟೇ? ಅತಿಥಿಗಳಿಗೆಲ್ಲ ಹೊದಿಸಿಯಾದ ಮೇಲೆ ಡಾಕ್ಟರು ದೊಡ್ಡ ಮನಸ್ಸು ಮಾಡಿ ತಮ್ಮ ಶಾಲನ್ನು ಕೂಸು ಎತ್ತಿಕೊಂಡಿದ್ದ ಆ ತಾಯಿಗೆ ಹೊದಿಸಿದರು. ಚಪ್ಪಾಳೆ ಬಿತ್ತು, ಕ್ಯಾಮೆರಾ ಮಿಂಚಿತು.

ಮರುದಿನ ನಾಲ್ಕು ಕಾಲಮ್ಮು. ನಡುವೆ ಡಾಕ್ಟರ ನಗು. ಕೂಸಿನ ಮುಖವೊಂದೇ ಕಾಣುತ್ತದೆ, ಕುತ್ತಿಗೆಯ ಕೆಳಗೆ ಪೂರಾ ಶಾಲು. ಅಂಚಿನಲ್ಲಿ ಒಂದು ಮೊಣಕೈ ಇತ್ತು, ಅದು ನನ್ನದು.

ಆ ಪೇಪರನ್ನೇ ಹಿಡಿದು ಮಂಗಳೂರಿಗೆ ಹೋದೆ. ಶರಣಪ್ಪಜ್ಜ ಮೂಗಿನ ಮೇಲೆ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು.

"ಸಾಹೇಬ್ರು ಛಲೋ ಬಂದಾರ. ಕಾಲ ಎಲ್ಲಿ ಅದಾವ್ರಿ?"

ಪೇಪರು ಮಡಚಿಕೊಂಡು ಯಲಬುರ್ಗಾಕ್ಕೆ ವಾಪಸಾದೆ. ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡೇ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ವರದಿಗಾರನ ಬಳಿ ಸೀದಾ ಹೋದೆ. ಯಾರ ಮುಖವೂ ಬೇಡ, ಹನುಮಸಾಗರದ ಕೂಸಿನ ಪಾದ ಮೊದಲು ಹೇಗಿತ್ತು, ಈಗ ಹೇಗಿದೆ, ಎರಡೇ ಫೋಟೋ ಹಾಕು ಎಂದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪಿಲ್ಲ, ಬೇಗ ಬಂದರೆ ಕೂಸು ಓಡಾಡುತ್ತದೆ ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದುಕೊಟ್ಟೆ. ಕೆಳಗೆ ನನ್ನ ಹೆಸರಿತ್ತು. ಅವನು ತಲೆ ಕೆರೆದುಕೊಂಡ.

"ನಿಮ್ಮ ಹೆಸರ ಹಾಕಿದ್ರ ಮ್ಯಾಲಿನವ್ರು ಎರಡ ಸಾಲಿಗೆ ಇಳಸ್ತಾರ್ರಿ ಮೇಡಂ. ಡಾಕ್ಟರ್ ಹೇಳಿಕಿ ಅಂದ್ರ ಜಾಗ ಸಿಗತೈತಿ."

ಕೂಸು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಪೆನ್ನು ಇಸಿದುಕೊಂಡು ನನ್ನ ಹೆಸರನ್ನು ನಾನೇ ಹೊಡೆದು ಹಾಕಿದೆ. ಒಪ್ಪಿಗೆ ಕೇಳಲು ಫೋನು ಮಾಡಿದರೆ ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಭಾಷೆ ಬಹಳ ಚೆನ್ನಾಗಿದೆ, ಹಾಗೇ ಹಾಕಿಸಿ ಎಂದರು.

ಸುದ್ದಿ ಬಂತು. ಪಾದದ ಎರಡೂ ಫೋಟೋ ಎದ್ದು ಕಾಣುತ್ತಿದ್ದವು. ಅದನ್ನು ಶರಣಪ್ಪಜ್ಜ ಕಟ್ಟೆಯ ಮೇಲೆ ಎರಡೆರಡು ಸಲ ಓದಿ ಹೇಳಿದರೆಂದು ಆಶಾ ತಿಳಿಸಿದಳು. ಮುಂದಿನ ಬುಧವಾರ, ಡಾಕ್ಟರು ಬರುವ ದಿನ, ಅಜ್ಜ ಮಗಳು, ಮೊಮ್ಮಗಳ ಸಮೇತ ಆಸ್ಪತ್ರೆಗೆ ಬಂದರು. ನನ್ನನ್ನು ಕಂಡವರೇ ಅಂಗಿಯ ಕಿಸೆಯಿಂದ ಪೇಪರು ತೆಗೆದರು.

"ಪ್ರವೀಣ ಸಾಹೇಬ್ರ ಮಾತು ಓದೀನ್ರಿ. ಎಷ್ಟ ತಿಳಿಯೂ ಹಂಗ ಹೇಳ್ಯಾರ. ನೀವೂ ಹಿಂಗ ಹೇಳಿದ್ರ ಅವತ್ತ ಬರತಿದ್ವಲ್ರಿ ಅಕ್ಕಾರ."

ಬಾಣಂತಿ ಹುಡುಗಿ ನನ್ನ ಮುಖ ನೋಡಿದಳು. ಬರೆದವರು ಯಾರೆಂದು ಅವಳಿಗೆ ಗೊತ್ತಾಗಿತ್ತು ಅನ್ನಿಸುತ್ತದೆ. ನಾನು ಎಲುಬಿನ ವಿಭಾಗದ ಬಾಗಿಲು ತೋರಿಸಿದೆ. ಅವತ್ತೇ ಮೊದಲ ಪ್ಲಾಸ್ಟರು ಬಿತ್ತು.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು: ಸುದ್ದಿ ಮಾಡಿಸುವವರು ಫೋಟೋದಿಂದ ಆಚೆ ನಿಲ್ಲಬೇಕು. ಕಲಿತೆ ನಿಜ, ರುಚಿಸಿತು ಎಂದು ಮಾತ್ರ ಹೇಳಲಾರೆ.

ಈಚೆಗೆ ಡಾಕ್ಟರಿಗೆ ವರ್ಗಾವಣೆಯಾಯಿತು. ಬೀಳ್ಕೊಡುಗೆಗೆ ನಿವೃತ್ತಳಾದ ನನ್ನನ್ನೂ ಕರೆದಿದ್ದರು. ಶರಣಪ್ಪಜ್ಜ ಮೊಮ್ಮಗಳ ಕೈಗೆ ಗುಲಾಬಿ ಕೊಟ್ಟು, "ಸಾಹೇಬ್ರಿಗೆ ಕೊಟ್ಟು ಬಾ" ಎಂದರು. ನಾನು ಹಾದಿಯಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಅವಳ ಲಂಗ ನನ್ನ ಮೊಣಕಾಲಿಗೆ ತಾಗಿತು, ತಿರುಗಿಯೂ ನೋಡಲಿಲ್ಲ. ಹೊಟ್ಟೆ ಉರಿಯಿತು, ಮುಚ್ಚಿಡುವುದಿಲ್ಲ. ಕಣ್ಣು ಮಾತ್ರ ಅವಳ ಪಾದದ ಮೇಲಿತ್ತು. ಓಡುತ್ತಿದ್ದಳು.